ನಗರಪಾಲಿಕೆಯ ಸಭೆಯೂ ನಾಗರಿಕರ ಆರೋಗ್ಯವೂ

“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬುದು ಕನ್ನಡಿಗರೆಲ್ಲರೂ ಬಲ್ಲ ಗಾದೆ. ಒಂದು ಮನೆಯ ಮಟ್ಟಿಗೆ ಈ ಮಾತು ಸತ್ಯ. ಆದರೆ ಲಕ್ಷಾಂತರ ಜನರು ಒತ್ತೊತ್ತಾಗಿ ವಾಸಿಸುವ ಮಹಾನಗರದಲ್ಲಿ ಊಟ ಬಲ್ಲವನಿಗೂ ರೋಗ ತಪ್ಪಿದ್ದಲ್ಲ. ಅವನ ಮನೆಯ ನಲ್ಲಿಯಲ್ಲಿ ಬರುವ ನೀರು ಎಲ್ಲಿಂದಲೋ ಬಂದದ್ದು; ಅವನ ಬಚ್ಚಲಿನ ನೀರು ಎಲ್ಲಿಗೋ ಹೋಗತಕ್ಕದ್ದು; ನೆರೆಯವನ ತಾರಸಿಯ ಮೇಲೆ ನಿಂತ ಮಳೆನೀರಿನ ಸೊಳ್ಳೆ ಅವನ ಮಗುವನ್ನೂ ಕಚ್ಚುವುದು. ಇವುಗಳಲ್ಲಿ ಯಾವುದೂ ಒಬ್ಬನ ಕೈಯಲ್ಲಿಲ್ಲ. ಇವೆಲ್ಲವೂ ನಿರ್ಧಾರವಾಗುವುದು ನಗರಪಾಲಿಕೆಯ ಸಭಾಂಗಣದಲ್ಲಿ. ನಗರದಲ್ಲಿ ರೋಗವಿಲ್ಲದಿರಬೇಕಾದರೆ ಊಟವನ್ನೂ ಮಾತನ್ನೂ ಒಟ್ಟಿಗೆ ಬಲ್ಲವರು ಬೇಕು.

ನಗರಪಾಲಿಕೆಯ ಸಭೆಯೆಂದರೆ ಗದ್ದಲ, ಸಭಾತ್ಯಾಗ, ಮುಗಿಯದ ಚರ್ಚೆ ಎಂದಷ್ಟೇ ಭಾವಿಸುವವರು ಹಲವರು. ಆ ಭಾವನೆಗೆ ಆಧಾರವಿಲ್ಲವೆನ್ನಲಾಗದು. ಆದರೂ ಕಲ್ಕತ್ತೆಯ ಇನ್ನೂರು ವರ್ಷಗಳ ಇತಿಹಾಸವನ್ನು ಅವಲೋಕಿಸಿದರೆ, ಆ ನಗರದ ಜನರ ಆಯುಸ್ಸನ್ನು ಹೆಚ್ಚಿಸಿದ ನಿರ್ಣಯಗಳಲ್ಲಿ ಹಲವು ಇಂತಹ ಸಭೆಗಳಿಂದಲೇ ಹೊರಟವೆಂಬುದು ಕಂಡುಬರುತ್ತದೆ. ಸಭೆಯು ತಡಮಾಡಿದಾಗ ಅದರ ಬೆಲೆಯನ್ನು ತೆತ್ತವರು ಯಾರೆಂಬುದೂ ಕಂಡುಬರುತ್ತದೆ.

ಒಂದು ಹಿಡಿಕೆಯ ಕಥೆ

ಸ್ಥಳೀಯ ಸಭೆಗೂ ಸಾಂಕ್ರಾಮಿಕ ರೋಗಕ್ಕೂ ಇರುವ ನಂಟನ್ನು ತೋರಿಸುವ ಪ್ರಸಿದ್ಧ ನಿದರ್ಶನ ಲಂಡನ್ನಿನದು. 1854ರ ಆಗಸ್ಟ್ ಕೊನೆಯಲ್ಲಿ ಸೋಹೋ ಎಂಬ ಭಾಗದಲ್ಲಿ ಕಾಲರಾ ಹಬ್ಬಿತು. ವೈದ್ಯರಾದ ಜಾನ್ ಸ್ನೋ ಅವರು ಸತ್ತವರ ಮನೆಗಳನ್ನು ಒಂದೊಂದಾಗಿ ವಿಚಾರಿಸಿ, ಅವರಲ್ಲಿ ಹೆಚ್ಚಿನವರು ಬ್ರಾಡ್ ಬೀದಿಯ ಒಂದೇ ಪಂಪಿನ ನೀರನ್ನು ಕುಡಿದವರೆಂದು ಕಂಡುಕೊಂಡರು. ಸೆಪ್ಟೆಂಬರ್ 7ರಂದು ಅವರು ಆ ಭಾಗದ ಸ್ಥಳೀಯ ಮಂಡಲಿಯ ಮುಂದೆ ಹೋಗಿ ತಮ್ಮ ವಾದವನ್ನು ನಿವೇದಿಸಿದರು. ಮಂಡಲಿಯ ಸದಸ್ಯರಿಗೆ ಪೂರ್ಣ ನಂಬಿಕೆ ಹುಟ್ಟಲಿಲ್ಲ. ಆದರೂ ಪಂಪಿನ ಹಿಡಿಕೆಯನ್ನು ತೆಗೆಸಲು ಒಪ್ಪಿದರು. ಮರುದಿನವೇ ಹಿಡಿಕೆ ಕಳಚಿತು. ಅಷ್ಟು ಹೊತ್ತಿಗೆ ರೋಗ ಇಳಿಮುಖವಾಗಿತ್ತೆಂದು ಸ್ನೋ ಅವರೇ ಒಪ್ಪಿಕೊಂಡಿದ್ದರು. ಆದರೆ ವೈದ್ಯನ ತಿಳಿವಳಿಕೆಯು ಬೀದಿಗೆ ಇಳಿಯಬೇಕಾದರೆ ಒಂದು ಸಭೆಯ ಒಪ್ಪಿಗೆ ಬೇಕೆಂಬುದನ್ನು ಆ ಘಟನೆ ಲೋಕಕ್ಕೆ ತೋರಿಸಿಕೊಟ್ಟಿತು.

ಕಲ್ಕತ್ತೆಯ ಜ್ವರ ಸಮಿತಿ

ಕಲ್ಕತ್ತೆಯಲ್ಲಿ ಈ ಪಾಠ ಅದಕ್ಕೂ ಹಿಂದೆಯೇ ಆರಂಭವಾಗಿತ್ತು. ಹೂಗ್ಲಿ ನದಿಯ ದಡದ ತಗ್ಗು ನೆಲದಲ್ಲಿ ಬೆಳೆದ ಈ ನಗರವನ್ನು ಜ್ವರ, ಕಾಲರಾ, ಆಮಶಂಕೆಗಳು ವರ್ಷವರ್ಷವೂ ಕಾಡುತ್ತಿದ್ದವು. ಮನೆ ಕಟ್ಟಲು ಮಣ್ಣು ತೆಗೆದ ಗುಂಡಿಗಳೇ ಕೊಳಗಳಾಗಿ, ಸ್ನಾನಕ್ಕೂ ಬಟ್ಟೆ ಒಗೆಯುವುದಕ್ಕೂ ಕುಡಿಯುವುದಕ್ಕೂ ಜನರು ಆ ಒಂದೇ ನೀರನ್ನು ಬಳಸುತ್ತಿದ್ದರು. ಶಸ್ತ್ರವೈದ್ಯರಾಗಿದ್ದ ಜೇಮ್ಸ್ ರಾನಾಲ್ಡ್ ಮಾರ್ಟಿನ್ ಅವರು ಒಂದು ಜ್ವರದ ಆಸ್ಪತ್ರೆ ಬೇಕೆಂದು ಸೂಚಿಸಿದರು. ಅದರ ಫಲವಾಗಿ 1836ರಲ್ಲಿ ಸಮಿತಿಯೊಂದು ನೇಮಕವಾಯಿತು. ಆಸ್ಪತ್ರೆಯ ವಿಚಾರಕ್ಕೆಂದು ಕುಳಿತ ಸಮಿತಿಯು, ರೋಗಿಯನ್ನು ಗುಣಪಡಿಸಿ ಮತ್ತೆ ಅದೇ ಕೊಳಚೆಗೆ ಕಳುಹಿಸಿದರೆ ಪ್ರಯೋಜನವೇನೆಂದು ಯೋಚಿಸಿ, ಚರಂಡಿ, ನೀರು, ರಸ್ತೆ, ತೆರಿಗೆ ಇವೆಲ್ಲವನ್ನೂ ವಿಚಾರಣೆಗೆ ತೆಗೆದುಕೊಂಡಿತು. ಆಸ್ಪತ್ರೆಯೂ ಕಾಲಕ್ರಮದಲ್ಲಿ ಕೈಗೂಡಿತು. ಮೋತಿಲಾಲ್ ಶೀಲ್ ಎಂಬ ದಾನಿ ಕೊಟ್ಟ ನಿವೇಶನದಲ್ಲಿ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆ 1852ರಲ್ಲಿ ತೆರೆಯಿತು.

ನೀರು ಬಂದ ಬಗೆ

1863ರ ಕಾಯಿದೆಯು ನಗರದ ಆಡಳಿತವನ್ನು ‘ಜಸ್ಟಿಸ್’ಗಳೆಂಬ ಗಣ್ಯರ ಮಂಡಲಿಗೆ ಒಪ್ಪಿಸಿ, ಆರೋಗ್ಯಾಧಿಕಾರಿಯನ್ನೂ ಇಂಜಿನಿಯರನ್ನೂ ನೇಮಿಸಿಕೊಳ್ಳುವ ಅಧಿಕಾರವನ್ನು ಅದಕ್ಕೆ ಕೊಟ್ಟಿತು. ಆ ಕಾಲದ ಎರಡು ಮಹಾಕಾರ್ಯಗಳು ಸ್ಮರಣೀಯವಾದವು. ಮೊದಲನೆಯದು ಒಳಚರಂಡಿ. ಕಲ್ಕತ್ತೆಯ ನೆಲ ನದಿಯ ಕಡೆಗೆ ಇಳಿಯದೆ ಪೂರ್ವದ ಉಪ್ಪುಕೊಳಗಳ ಕಡೆಗೆ ಇಳಿಯುತ್ತದೆಂಬುದನ್ನು ಗಮನಿಸಿ, ವಿಲಿಯಂ ಕ್ಲಾರ್ಕ್ ಎಂಬ ಇಂಜಿನಿಯರರು ಇಟ್ಟಿಗೆಯ ಒಳಚರಂಡಿಗಳನ್ನು ಪೂರ್ವಾಭಿಮುಖವಾಗಿ ಹರಿಯುವಂತೆ ಯೋಜಿಸಿದ್ದರು. ಎರಡನೆಯದು ಕುಡಿಯುವ ನೀರು. ನಗರದಿಂದ ಉತ್ತರಕ್ಕೆ, ಬ್ಯಾರಕ್‌ಪುರದ ಬಳಿಯ ಪಲ್ಟಾ ಎಂಬಲ್ಲಿ ಹೂಗ್ಲಿಯ ನೀರನ್ನೆತ್ತಿ, ತಿಳಿಗೊಳಿಸಿ, ಮರಳಿನಲ್ಲಿ ಶೋಧಿಸಿ, ಕೊಳವೆಗಳ ಮೂಲಕ ನಗರಕ್ಕೆ ತರುವ ವ್ಯವಸ್ಥೆ 1870ರ ವೇಳೆಗೆ ಸಿದ್ಧವಾಯಿತು. ಆರಂಭದಲ್ಲಿ ಅದರ ಪ್ರಮಾಣ ದಿನಕ್ಕೆ 60 ಲಕ್ಷ ಗ್ಯಾಲನ್. ಕೊಳವೆಯ ನೀರು ಮಡಿಗೆ ಸಲ್ಲುವುದೇ ಎಂದು ಸಂಪ್ರದಾಯಸ್ಥರಲ್ಲಿ ಹಲವರು ಹಿಂಜರಿದರು. ಕ್ರಮೇಣ ಆ ಸಂಕೋಚ ಕರಗಿತು.

ಮುಂದೆ ಬೇಡಿಕೆ ಬೆಳೆದಂತೆ, ಟಾಲಾ ಎಂಬಲ್ಲಿ 110 ಅಡಿ ಎತ್ತರದ, 90 ಲಕ್ಷ ಗ್ಯಾಲನ್ ಹಿಡಿಯುವ ಉಕ್ಕಿನ ತೊಟ್ಟಿಯನ್ನು ಕಟ್ಟಿ 1911ರಲ್ಲಿ ಬಳಕೆಗೆ ತರಲಾಯಿತು. ನೂರು ವರ್ಷ ದಾಟಿದರೂ ಅದು ನಿಂತಿದೆ.

ಶೋಧಿಸಿದ ನೀರಿನ ಫಲವನ್ನು ಹೊರಗಿನವರೂ ಕಂಡರು. ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಖ್ 1883ರ ಡಿಸೆಂಬರಿನಲ್ಲಿ ಈಜಿಪ್ಟಿನಿಂದ ಕಲ್ಕತ್ತೆಗೆ ಬಂದು, 1884ರ ಆರಂಭದಲ್ಲಿ ಕಾಲರಾದ ಅಲ್ಪವಿರಾಮದಾಕಾರದ ಸೂಕ್ಷ್ಮಾಣುವನ್ನು ಖಚಿತಪಡಿಸಿದರು. ರೋಗಿಗಳ ಕರುಳಿನಲ್ಲಿ ಕಂಡ ಅದೇ ಸೂಕ್ಷ್ಮಾಣು ಬೆಲಿಯಾಘಾಟಾ ಕಡೆಯ ಒಂದು ಕೊಳದ ನೀರಿನಲ್ಲಿಯೂ ಅವರಿಗೆ ಕಂಡಿತು. ಕೊಳವೆಯ ನೀರು ಬಂದ ಮೇಲೆ ನಗರದಲ್ಲಿ ಕಾಲರಾ ಇಳಿದದ್ದನ್ನು ಅವರು ವಿಶೇಷವಾಗಿ ಉಲ್ಲೇಖಿಸಿದರು. ಆದರೆ ನಲ್ಲಿ ಬಾರದ ಕೊಳಗೇರಿಗಳಲ್ಲಿ ಕೊಳವೇ ಗತಿಯಾಗಿತ್ತು. ರೋಗವೂ ಅಲ್ಲಿಯೇ ಉಳಿಯಿತು.

ಆ ಕೊಳಗೇರಿಗಳಲ್ಲೊಂದಾದ ಕಟ್ಟಲ್ ಬಾಗಾನ್ 1894ರಲ್ಲಿ ವೈದ್ಯಚರಿತ್ರೆಯಲ್ಲಿ ಸ್ಥಾನ ಪಡೆಯಿತು. ಎರಡು ಕೊಳಗಳ ಸುತ್ತ ನೆಲೆಸಿದ್ದ ಸುಮಾರು 200 ಜನರಲ್ಲಿ ಕಾಲರಾ ಕಾಣಿಸಿಕೊಂಡಾಗ, ನಗರದ ಆರೋಗ್ಯಾಧಿಕಾರಿ ಸಿಂಪ್ಸನ್ ಅವರ ನೆರವಿನಿಂದ ವಾಲ್ಡೆಮಾರ್ ಹಾಫ್ಕಿನ್ ಅವರು 116 ಜನರಿಗೆ ತಮ್ಮ ಲಸಿಕೆಯನ್ನು ಹಾಕಿದರು. ಅನಂತರ ಅಲ್ಲಿ 10 ಮಂದಿ ರೋಗಕ್ಕೆ ತುತ್ತಾದರು, 7 ಮಂದಿ ಸತ್ತರು. ಆ ಹತ್ತೂ ಮಂದಿ ಲಸಿಕೆ ಹಾಕಿಸಿಕೊಳ್ಳದವರೇ ಆಗಿದ್ದರು.

ಮಾತು ಹೆಚ್ಚೋ ಕೆಲಸ ಹೆಚ್ಚೋ

1876ರ ಕಾಯಿದೆಯಿಂದ ಕಲ್ಕತ್ತೆಗೆ 72 ಮಂದಿ ಕಮಿಷನರುಗಳ ಸಭೆ ಬಂದಿತು. ಅವರಲ್ಲಿ 48 ಮಂದಿ ತೆರಿಗೆದಾರರಿಂದ ಚುನಾಯಿತರು, 24 ಮಂದಿ ಸರ್ಕಾರದಿಂದ ನಾಮಕರಣಗೊಂಡವರು. ಭಾರತೀಯರು ಆಡಳಿತವನ್ನು ಪ್ರಶ್ನಿಸುವುದನ್ನು ಅಭ್ಯಾಸ ಮಾಡಿಕೊಂಡ ಪಾಠಶಾಲೆ ಅದು. ಸುರೇಂದ್ರನಾಥ ಬ್ಯಾನರ್ಜಿಯವರು ಅಲ್ಲಿ ದೀರ್ಘಕಾಲ ಸದಸ್ಯರಾಗಿದ್ದರು.

ಆದರೆ ಆಗಿನ ಬಂಗಾಳದ ಲೆಫ್ಟಿನೆಂಟ್ ಗವರ್ನರ್ ಅಲೆಕ್ಸಾಂಡರ್ ಮೆಕೆಂಜಿಯವರಿಗೆ ಈ ಸಭೆ ಹಿಡಿಸಲಿಲ್ಲ. ಇಲ್ಲಿ ಮಾತು ಹೆಚ್ಚು, ನೈರ್ಮಲ್ಯದ ಕೆಲಸ ಕಡಮೆ ಎಂಬುದು ಅವರ ಆಕ್ಷೇಪ. ಅಷ್ಟರಲ್ಲಿ, 1898ರಲ್ಲಿ, ಪ್ಲೇಗು ಕಲ್ಕತ್ತೆಯನ್ನು ಹೊಕ್ಕಿತು. ಅದೇ ವರ್ಷ ಅದು ಬೆಂಗಳೂರನ್ನೂ ಹೊಕ್ಕಿತೆಂಬುದನ್ನು ಕನ್ನಡಿಗರು ಮರೆತಿಲ್ಲ. ಬಸವನಗುಡಿ, ಮಲ್ಲೇಶ್ವರಗಳ ಅಗಲವಾದ ರಸ್ತೆಗಳು, ಗಾಳಿ ಬೆಳಕಿನ ನಿವೇಶನಗಳು ಆ ಕಾಲದ ಸ್ಮಾರಕಗಳು. ಹೆಸರಘಟ್ಟದ ಕೆರೆಯ ನೀರು ಕೊಳವೆಯಲ್ಲಿ ಬೆಂಗಳೂರಿಗೆ ಬಂದು ಆಗ ಕೆಲವೇ ವರ್ಷಗಳಾಗಿದ್ದವು. ಕಲ್ಕತ್ತೆಯಲ್ಲಿ 1899ರಲ್ಲಿ ಸೋದರಿ ನಿವೇದಿತಾ ಮತ್ತು ಸ್ವಾಮಿ ಸದಾನಂದರು ಕೊಳಗೇರಿಗಳ ಓಣಿಗಳನ್ನು ಶುಚಿಗೊಳಿಸುವ ಕಾರ್ಯಕ್ಕೆ ನಿಂತರು.

ಅದೇ 1899ರಲ್ಲಿ, ಕರ್ಜನ್ ಪ್ರಭುವಿನ ಕಾಲದಲ್ಲಿ, ಹೊಸ ಕಾಯಿದೆ ಅಂಗೀಕೃತವಾಗಿ ಸಭೆಯ ಬಲ 50ಕ್ಕೆ ಇಳಿಯಿತು. ಚುನಾಯಿತರ ಸಂಖ್ಯೆ 25 ಮಾತ್ರ ಉಳಿಯಿತು. ಇದನ್ನು ಪ್ರತಿಭಟಿಸಿ ಸುರೇಂದ್ರನಾಥರೂ ಸೇರಿದಂತೆ 28 ಮಂದಿ ಕಮಿಷನರುಗಳು ರಾಜೀನಾಮೆಯಿತ್ತರು. ಇಲ್ಲಿದ್ದ ಪ್ರಶ್ನೆ ಇಂದಿಗೂ ಹಳತಾಗಿಲ್ಲ. ರೋಗ ಬಾಗಿಲಲ್ಲಿ ನಿಂತಿರುವಾಗ ಬೇಗ ಕೆಲಸವಾಗಬೇಕೆಂಬುದು ನಿಜ. ಆದರೆ ಎಲ್ಲಿ ಕೆಲಸವಾಗಬೇಕೆಂದು ಹೇಳಬಲ್ಲವನು ಆ ಓಣಿಯಿಂದ ಬಂದವನೇ ಅಲ್ಲವೆ? ಅವನ ಬಾಯಿ ಮುಚ್ಚಿದರೆ ಕೆಲಸ ಬೇಗನಾಗಬಹುದು, ಬೇಕಾದೆಡೆ ಆಗದಿರಬಹುದು.

1924ರ ಕಾರ್ಯಕ್ರಮ

ಅದೇ ಸುರೇಂದ್ರನಾಥರು ಮುಂದೆ ಬಂಗಾಳದ ಸ್ಥಳೀಯ ಸ್ವಾಯತ್ತ ಆಡಳಿತದ ಮಂತ್ರಿಯಾಗಿ 1923ರ ಕಾಯಿದೆಯನ್ನು ತಂದು, ಕಿತ್ತುಕೊಂಡದ್ದನ್ನು ನಗರಕ್ಕೆ ಹಿಂದಿರುಗಿಸಿದರು. ಮಹಿಳೆಯರಿಗೂ ಮತದಾನದ ಹಕ್ಕು ದೊರೆಯಿತು. 1924ರಲ್ಲಿ ದೇಶಬಂಧು ಚಿತ್ತರಂಜನ ದಾಸರು ಮೊದಲ ಮೇಯರ್ ಆದರು. ಸುಭಾಷಚಂದ್ರ ಬೋಸರು ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯಾದರು. ದಾಸರು ಸಭೆಯ ಮುಂದಿಟ್ಟ ಕಾರ್ಯಕ್ರಮದಲ್ಲಿ ಉಚಿತ ಪ್ರಾಥಮಿಕ ಶಿಕ್ಷಣ, ಬಡವರಿಗೆ ಉಚಿತ ವೈದ್ಯಸಹಾಯ, ಅಗ್ಗವಾದ ಶುದ್ಧ ಆಹಾರ ಮತ್ತು ಹಾಲು, ಉತ್ತಮ ನೀರು ಸರಬರಾಜು, ಕೊಳಗೇರಿಗಳ ನೈರ್ಮಲ್ಯ, ಬಡವರಿಗೆ ವಸತಿ ಇವು ಸೇರಿದ್ದವು. ವಾರ್ಡುಗಳಲ್ಲಿ ಆರೋಗ್ಯ ಸಂಘಗಳು, ಉಚಿತ ಔಷಧಾಲಯಗಳು, ಬಡ ಶಿಶುಗಳಿಗೆ ಹಾಲು ಕೊಡುವ ಕೇಂದ್ರಗಳು ಹುಟ್ಟಿಕೊಂಡವು. ಸುಭಾಷರನ್ನು ಅದೇ ವರ್ಷದ ಅಕ್ಟೋಬರಿನಲ್ಲಿ ಸರ್ಕಾರ ಬಂಧಿಸಿತು. ಆದರೆ ಆರೋಗ್ಯವು ದಾನವಲ್ಲ, ನಗರದ ಕರ್ತವ್ಯ ಎಂಬ ತತ್ತ್ವ ಬಂಧನಕ್ಕೆ ಸಿಕ್ಕಲಿಲ್ಲ. 1931ರಲ್ಲಿ ಸ್ವತಃ ಖ್ಯಾತ ವೈದ್ಯರಾದ ಬಿಧಾನಚಂದ್ರ ರಾಯ್ ಅವರು ಮೇಯರ್ ಪೀಠವನ್ನೇರಿದರು.

ಮತವಿಲ್ಲದವನ ನೀರು

ಇಷ್ಟಾದರೂ ಒಂದು ಕೊರತೆ ಉಳಿದೇ ಇತ್ತು. ಮತದಾನದ ಹಕ್ಕು ಆಸ್ತಿ, ತೆರಿಗೆಗಳಿಗೆ ಅಂಟಿಕೊಂಡಿತ್ತು. ಕೊಳದ ನೀರು ಕುಡಿದು ಕಾಲರಾಕ್ಕೆ ಬಲಿಯಾಗುತ್ತಿದ್ದ ಕೂಲಿಕಾರನಿಗೆ, ರಿಕ್ಷಾ ಎಳೆಯುವವನಿಗೆ, ಮನೆಗೆಲಸದವಳಿಗೆ ಸಭೆಯಲ್ಲಿ ತನ್ನವರೆಂಬುವರು ಇರಲಿಲ್ಲ. ನಗರದಲ್ಲಿ ಶೋಧಿಸಿದ ನೀರಿನ ಕೊಳವೆಯ ಜೊತೆಗೆ, ಬೀದಿ ತೊಳೆಯಲೆಂದು ಶೋಧಿಸದ ನೀರಿನ ಇನ್ನೊಂದು ಕೊಳವೆಯೂ ಇತ್ತು. ಒಳ್ಳೆಯ ನೀರು ಸಾಲದ ಕಡೆ ಬಡವರು ಆ ನೀರನ್ನೇ ಬಳಸುತ್ತಿದ್ದರು. 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ತಂಡ ಬಂದು ನಗರದ ನೀರು ಮತ್ತು ಒಳಚರಂಡಿಯ ದುಃಸ್ಥಿತಿಯನ್ನು ಪರಿಶೀಲಿಸಿತು. ಅದೇ ವರ್ಷ ಕಲ್ಕತ್ತೆಯ ಶಂಭುನಾಥ ಡೇ ಅವರು ಕಾಲರಾ ಸೂಕ್ಷ್ಮಾಣು ಕರುಳಿನಲ್ಲಿ ವಿಷವನ್ನು ಸ್ರವಿಸುತ್ತದೆಂದು ಸಿದ್ಧಪಡಿಸಿದರು. ವಿಜ್ಞಾನವು ರೋಗದ ಮರ್ಮವನ್ನು ಭೇದಿಸಿದ ನಗರದಲ್ಲಿಯೇ ಬಡವನ ಲೋಟದಲ್ಲಿ ಶುದ್ಧ ನೀರಿರಲಿಲ್ಲ.

ವಯಸ್ಕ ಮತಾಧಿಕಾರವು 1962ರ ತಿದ್ದುಪಡಿಯಿಂದ ಬಂದು, 1965ರ ಚುನಾವಣೆಯಲ್ಲಿ ಕಾರ್ಯರೂಪಕ್ಕೆ ಇಳಿಯಿತು. ಆದರೆ 1972ರಲ್ಲಿ ಸಭೆಯನ್ನು ರದ್ದುಗೊಳಿಸಿ ಆಡಳಿತವನ್ನು ಸರ್ಕಾರವೇ ವಹಿಸಿಕೊಂಡಿತು. ಆ ಅವಧಿಯಲ್ಲಿ ಕೆಲಸವೇ ಆಗಲಿಲ್ಲವೆನ್ನುವುದು ತಪ್ಪು. 1970ರಲ್ಲಿ ಸ್ಥಾಪಿತವಾದ ಮಹಾನಗರ ಅಭಿವೃದ್ಧಿ ಪ್ರಾಧಿಕಾರವು ಕೊಳಗೇರಿಗಳಲ್ಲಿ ನಲ್ಲಿ, ಚರಂಡಿ, ಶೌಚಾಲಯ, ಕಲ್ಲು ಹಾಸಿದ ಓಣಿಗಳನ್ನು ಒದಗಿಸಿತು. ಆದರೆ ಕೆಟ್ಟ ನಲ್ಲಿಯ ಬಗ್ಗೆ ಸಭೆಯಲ್ಲಿ ಎದ್ದು ನಿಂತು ಕೇಳುವ ಸದಸ್ಯನಿರಲಿಲ್ಲ. 1980ರ ಕಾಯಿದೆ 1984ರ ಜನವರಿಯಲ್ಲಿ ಜಾರಿಗೆ ಬಂದು, 1985ರಲ್ಲಿ ಚುನಾವಣೆ ನಡೆದು, ಹದಿಮೂರು ವರ್ಷಗಳ ಅನಂತರ ಸಭೆ ಮರಳಿ ಸೇರಿತು.

ಇಂದಿನ ಸಭೆಯ ಕ್ರಮ

1992ರಲ್ಲಿ ಅಂಗೀಕೃತವಾದ ಸಂವಿಧಾನದ 74ನೆಯ ತಿದ್ದುಪಡಿಯು 1993ರ ಜೂನ್ 1ರಂದು ಜಾರಿಗೆ ಬಂದಿತು. ಅದರ ಹನ್ನೆರಡನೆಯ ಅನುಸೂಚಿಯಲ್ಲಿರುವ 18 ವಿಷಯಗಳಲ್ಲಿ ನೀರು ಸರಬರಾಜು, ಸಾರ್ವಜನಿಕ ಆರೋಗ್ಯ ಮತ್ತು ನೈರ್ಮಲ್ಯ, ಕೊಳಗೇರಿ ಸುಧಾರಣೆ, ಜನನ ಮರಣಗಳ ನೋಂದಣಿ ಇವು ಸೇರಿವೆ. ಕೋಲ್ಕತ್ತವೆಂದು 2001ರಲ್ಲಿ ಮರುನಾಮಕರಣಗೊಂಡ ನಗರದಲ್ಲಿ ಈಗ 144 ವಾರ್ಡುಗಳೂ 16 ಬರೋಗಳೂ ಇವೆ. 2011ರ ಜನಗಣತಿಯಂತೆ ಪಾಲಿಕೆಯ ವ್ಯಾಪ್ತಿಯ ಜನಸಂಖ್ಯೆ ಸುಮಾರು 45 ಲಕ್ಷ.

ಪಾಲಿಕೆಯ ಕೇಂದ್ರ ಕಚೇರಿ ಇರುವುದು ಸುರೇಂದ್ರನಾಥ ಬ್ಯಾನರ್ಜಿಯವರ ಹೆಸರಿನ ರಸ್ತೆಯಲ್ಲಿಯೇ. ಸದಸ್ಯರೆಲ್ಲರ ಸಭೆಯ ಅಧ್ಯಕ್ಷತೆ ವಹಿಸುವವರು ಮೇಯರ್ ಅಲ್ಲ. ಅದಕ್ಕೆ ಪ್ರತ್ಯೇಕ ಅಧ್ಯಕ್ಷರಿದ್ದಾರೆ. ಮೇಯರ್ ಮತ್ತು ಅವರು ಆರಿಸಿಕೊಂಡ ಕೆಲವು ಸದಸ್ಯರ ಮಂಡಲಿಯು ಮಂತ್ರಿಮಂಡಲದಂತೆ ಆಡಳಿತ ನಡೆಸಿ, ಇಡೀ ಸಭೆಗೆ ಹೊಣೆಯಾಗಿರುತ್ತದೆ. ನೀರು, ಆರೋಗ್ಯ, ಕಸ ವಿಲೇವಾರಿ ಮುಂತಾದ ಶಾಖೆಗಳನ್ನು ಈ ಮಂಡಲಿಯವರು ಹಂಚಿಕೊಳ್ಳುತ್ತಾರೆ. ನಿರ್ಣಯಗಳನ್ನು ಕಾರ್ಯಗತಗೊಳಿಸುವವರು ಸರ್ಕಾರದಿಂದ ನೇಮಕವಾದ ಆಯುಕ್ತರು.

ಸಭೆಯಲ್ಲಿ ಸದಸ್ಯರು ಪ್ರಶ್ನೆ ಕೇಳಬಹುದು, ಪ್ರಸ್ತಾವ ಮಂಡಿಸಬಹುದು. ಕಾರ್ಯಸೂಚಿಯಲ್ಲಿ ಬಂದ ವಿಷಯ ಚರ್ಚೆಯಾಗಿ, ಅಂಗೀಕಾರವಾಗಿ, ನಡವಳಿ ಪುಸ್ತಕದಲ್ಲಿ ದಾಖಲಾಗುತ್ತದೆ. ವರ್ಷಕ್ಕೊಮ್ಮೆ ಮೇಯರ್ ಆಯವ್ಯಯವನ್ನು ಮಂಡಿಸುತ್ತಾರೆ. ಆರೋಗ್ಯದ ದೃಷ್ಟಿಯಿಂದ ಇದೇ ಮುಖ್ಯ ದಿನ. ಏಕೆಂದರೆ ಹಣ ಗೊತ್ತುಪಡಿಸದ ನಿರ್ಣಯವು ಔಷಧಿಯಿಲ್ಲದ ಚೀಟಿಯಂತೆ. ಪಾಲಿಕೆಯ ಸ್ವಂತ ಆದಾಯದಲ್ಲಿ ಪ್ರಮುಖವಾದುದು ಆಸ್ತಿ ತೆರಿಗೆ. 2017ರ ಏಪ್ರಿಲಿನಿಂದ ಅದನ್ನು ವಿಸ್ತೀರ್ಣದ ಆಧಾರದ ಮೇಲೆ ನಿಗದಿಮಾಡುವ ಪದ್ಧತಿ ಬಂದಿದೆ. ತೆರಿಗೆಯನ್ನು ಬಾಕಿ ಉಳಿಸಿಕೊಂಡವನು ಚರಂಡಿಯ ದುರ್ನಾತವನ್ನು ದೂರುವಾಗ ಇದನ್ನು ನೆನೆಯಬೇಕು.

ಸೊಳ್ಳೆಗೆ ವಾರ್ಡಿನ ಗಡಿಯಿಲ್ಲ

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ಡೆಂಗಿ ರಕ್ತಸ್ರಾವ ಜ್ವರದ ದೊಡ್ಡ ಹಾವಳಿಯನ್ನು ಭಾರತದಲ್ಲಿ ಮೊದಲು ಕಂಡದ್ದು ಕಲ್ಕತ್ತೆಯೇ, 1963ರಲ್ಲಿ. ಇದನ್ನು ಹರಡುವ ಈಡಿಸ್ ಸೊಳ್ಳೆ ಕೊಳಚೆಯಲ್ಲಲ್ಲ, ನಿಂತ ಶುದ್ಧ ನೀರಿನಲ್ಲಿ ಮೊಟ್ಟೆಯಿಡುತ್ತದೆ, ಹಗಲಿನಲ್ಲಿ ಕಚ್ಚುತ್ತದೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ ಸಾಕು. ನೀರಾರಿದರೂ ಮೊಟ್ಟೆ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಆದುದರಿಂದ ಹೊಗೆ ಹಾಕಿದರೆ ಹಾರುವ ಸೊಳ್ಳೆ ಸಾಯುತ್ತದೆಯೇ ಹೊರತು ಹಾವಳಿಯ ಬೇರು ಸಾಯುವುದಿಲ್ಲ.

ಈಗ ಒಂದು ವಾರ್ಡಿನಲ್ಲಿ ಅರ್ಧ ಕಟ್ಟಿ ನಿಲ್ಲಿಸಿದ ಕಟ್ಟಡವಿದೆಯೆಂದು ಭಾವಿಸಬಹುದು. ಅದರ ತಳಮಾಳಿಗೆಯಲ್ಲಿ ನೀರು ನಿಂತಿದೆ. ನೆರೆಯವರು ಸದಸ್ಯನಿಗೆ ತಿಳಿಸುತ್ತಾರೆ. ಆರೋಗ್ಯ ಶಾಖೆಯವರು ಬಂದು ಮರಿಹುಳುಗಳನ್ನು ಗುರುತಿಸಿ ಮಾಲೀಕನಿಗೆ ನೋಟೀಸು ಕೊಡುತ್ತಾರೆ. ಅವನು ಕದಲದಿದ್ದರೆ ವಿಷಯ ಬರೋ ಸಮಿತಿಗೆ, ಅಲ್ಲಿಂದ ಸಭೆಗೆ ಹೋಗಬಹುದು. ನೋಟೀಸು ಕೊಟ್ಟದ್ದು ಎಂದು, ದಂಡ ವಿಧಿಸಿದ್ದು ಎಷ್ಟು, ನೀರು ಖಾಲಿಯಾಯಿತೇ ಎಂದು ಸದಸ್ಯನು ಕೇಳಿದಾಗ, ಉತ್ತರ ಕೊಡುವುದು ಆಡಳಿತಕ್ಕೆ ಅನಿವಾರ್ಯವಾಗುತ್ತದೆ. ಸೊಳ್ಳೆ ಬೆಳೆಯಲು ಹತ್ತು ದಿನ. ಈ ಪ್ರಶ್ನೋತ್ತರವೆಲ್ಲ ಅದಕ್ಕಿಂತ ನಿಧಾನವಾದರೆ ಗೆಲುವು ಸೊಳ್ಳೆಯದೇ. ಮಳೆಗಾಲಕ್ಕೆ ಮುಂಚೆಯೇ ವಿಷಯವೆತ್ತುವುದು ಆದುದರಿಂದ ಲೇಸು.

ನಾಗರಿಕರ ಪಾಲು

ಲೇಕ್ ಮಾರ್ಕೆಟ್ ಸುತ್ತಮುತ್ತ ನೆಲೆಸಿದ ದಕ್ಷಿಣ ಭಾರತೀಯರಾಗಲಿ, ನಗರದ ಬೇರೆಡೆ ಇರುವ ಕನ್ನಡ ಕುಟುಂಬಗಳಾಗಲಿ, ಊರು ಪರರದೆಂದು ಪಾಲಿಕೆಯ ವ್ಯವಹಾರದಿಂದ ದೂರ ನಿಲ್ಲುವುದು ಹಿತವಲ್ಲ. ಕುಡಿಯುವ ನೀರಿಗೆ ಪ್ರಾಂತಭೇದವಿಲ್ಲ. ಕೆರೆ ಬಾವಿಗಳನ್ನು ಕಟ್ಟಿಸುವುದನ್ನು ಪುಣ್ಯಕಾರ್ಯವೆಂದು ನಂಬಿದ ನಾಡಿನವರಿಗೆ ನಲ್ಲಿ ಚರಂಡಿಗಳ ಚಿಂತೆ ಕೀಳೆನಿಸಬಾರದು. ಈ ಕೆಳಗಿನ ಕೆಲವು ಅಂಶಗಳನ್ನು ರೂಢಿಸಿಕೊಳ್ಳುವುದು ಪ್ರಯೋಜನಕರ:

1. ತಮ್ಮ ವಾರ್ಡಿನ ಸಂಖ್ಯೆ, ಸದಸ್ಯರ ಹೆಸರು, ಹತ್ತಿರದ ಪಾಲಿಕೆಯ ಆರೋಗ್ಯ ಕೇಂದ್ರ ಇವನ್ನು ಮನೆಯವರೆಲ್ಲ ತಿಳಿದಿರಬೇಕು.

2. ದೂರನ್ನು ಬಾಯಿಮಾತಿನಲ್ಲಿ ಮುಗಿಸದೆ ಬರೆದು ಕೊಟ್ಟು ಸ್ವೀಕೃತಿ ಪಡೆಯಬೇಕು. ಒಬ್ಬರ ಅರ್ಜಿಗಿಂತ ಓಣಿಯ ಇಪ್ಪತ್ತು ಮನೆಯವರು ಸೇರಿ ಬರೆದ ಅರ್ಜಿಗೆ ತೂಕ ಹೆಚ್ಚು.

3. ನಲ್ಲಿಯ ನೀರಿನ ಬಣ್ಣ, ವಾಸನೆ ಬದಲಾದರೆ ತಕ್ಷಣ ತಿಳಿಸಬೇಕು. ಸರಿಯಾಗುವವರೆಗೆ ಕುದಿಸಿ ಆರಿಸಿದ ನೀರನ್ನೇ ಕುಡಿಯಬೇಕು.

4. ಹೂದಾನಿ, ಡ್ರಮ್ಮು, ಶೈತ್ಯಪೆಟ್ಟಿಗೆಯ ಹಿಂದಿನ ತಟ್ಟೆ, ತಾರಸಿಯ ತೊಟ್ಟಿ ಇವುಗಳ ನೀರನ್ನು ವಾರಕ್ಕೊಮ್ಮೆ ಚೆಲ್ಲಿ ಒಳಬದಿಯನ್ನು ಉಜ್ಜಿ ತೊಳೆಯಬೇಕು.

5. ವಾಂತಿಭೇದಿ ಕಂಡೊಡನೆ ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಆರು ಸಮ ಚಹಾಚಮಚ ಸಕ್ಕರೆ, ಅರ್ಧ ಸಮ ಚಹಾಚಮಚ ಉಪ್ಪು ಬೆರೆಸಿ ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತಿರಬೇಕು. ಮೂತ್ರ ಕಡಮೆಯಾದರೆ, ರೋಗಿ ಮಂಕಾದರೆ, ಭೇದಿ ನಿಲ್ಲದಿದ್ದರೆ ತಡಮಾಡದೆ ವೈದ್ಯರ ಬಳಿಗೆ ಕೊಂಡೊಯ್ಯಬೇಕು.

ಕೊನೆಯ ಅಂಶಕ್ಕೂ ಬಂಗಾಳಕ್ಕೂ ನಿಕಟ ಸಂಬಂಧವಿದೆ. 1971ರಲ್ಲಿ ಬನಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿದಾಗ, ಡಾ. ದಿಲೀಪ್ ಮಹಲಾನಬಿಸ್ ಅವರು ಉಪ್ಪು ಸಕ್ಕರೆಯ ಇಂತಹುದೇ ದ್ರಾವಣವನ್ನು ಕುಡಿಸಿ, ನೂರಕ್ಕೆ 30ರಷ್ಟಿದ್ದ ಸಾವನ್ನು 3.6ಕ್ಕೆ ಇಳಿಸಿದರು. ಅದು ಸಾವಿರಾರು ಜೀವಗಳನ್ನು ಉಳಿಸಿತು. ಆದರೆ ದ್ರಾವಣವು ರೋಗ ಬಂದ ಮೇಲಿನ ಉಪಾಯ. ರೋಗ ಬಾರದಂತೆ ತಡೆಯುವುದು ಶುದ್ಧ ನೀರು, ಹರಿಯುವ ಚರಂಡಿ. ಅವೆರಡೂ ದೊರೆಯುವುದು ಸಭೆಯಲ್ಲಿ ಕೇಳಿದವರಿಗೆ, ಕೇಳಿ ಬಿಡದೆ ಬೆನ್ನುಹತ್ತಿದವರಿಗೆ.